ಸೊಸೆಯ ಪರ ಸಾಕ್ಷಿ ಹೇಳಿದ ನನ್ನ ಡೈರಿ

ಜೂನ್ ಹನ್ನೊಂದು, ಮಂಗಳವಾರ. ಹಳೇ ಡೈರಿಯ ಆ ಪುಟದಲ್ಲಿ ಬರೆದದ್ದು ಇಷ್ಟು: "ಸೊಸೆ ಮೊಮ್ಮಗಳನ್ನು ಕರಕೊಂಡು ಮಾನ್ವಿಗೆ, ತವರಿಗೆ ಹೋದಳು. ಹಾಲಿನ ಪಾತ್ರೆ ತೊಳೆದಿಲ್ಲ." ಎರಡನೇ ಸಾಲು ಓದಿದಾಗಲೆಲ್ಲ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ರಾಯಚೂರಿನ ಕೋರ್ಟಿಗೆ ಓಡಾಡಿದಷ್ಟು ದಿನವೂ ನಾನು ಇಂಥದ್ದನ್ನೇ ಒಂದಾದ ಮೇಲೊಂದು ಮಾಡುತ್ತ ಹೋದೆ. ಬಿ.ಎ. ಪಾಸಾದವಳು, ಎಲ್ಲವನ್ನೂ ಬರೆದಿಡುವವಳು. ವಿಚ್ಛೇದನ ಆಗಲಿ, ಮೊಮ್ಮಗಳು ನಮ್ಮಲ್ಲೇ ಬೆಳೆಯಲಿ ಎಂದು ಮಗನಿಂದ ಅರ್ಜಿ ಹಾಕಿಸಿದವಳೂ ನಾನೇ.

೧. ಮುಂದಿನ ಕುರ್ಚಿ

ಮೊದಲು ಸಮಾಲೋಚನೆಗೆ ಕರೆದರು. ಅಲ್ಲಿದ್ದ ಮೇಡಂ ಮಗನನ್ನು ಕೇಳಿದರು, "ನಿಮ್ಮ ಮಗಳು ಎಷ್ಟನೇತ್ತ ಓದಾಕತ್ತಾಳ್ರಿ?"

ಮಗ ಹಿಂದೆ ಕೂತಿದ್ದ ನನ್ನ ಕಡೆ ತಿರುಗಿದ. "ಎಷ್ಟನೇತ್ತಬೇ ಅವ್ವಾ?"

"ಒಂದನೇತ್ತ," ಅಂದೆ.

"ಊಟಕ್ಕ ಏನು ಇಷ್ಟ?"

ಮಗ ಮತ್ತೆ ತಿರುಗಿದ. "ಮೊಸರನ್ನ," ಅಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಅರ್ಜಿ ಹಾಕಿದವರು ಮುಂದ ಕೂಡ್ರಿ."

ನಾನು ಎದ್ದು ಹೋಗಿ ಮುಂದಿನ ಕುರ್ಚಿಯಲ್ಲಿ ಕೂತೆ.

೨. ಕಂಸದೊಳಗಿನ ಮಾತು

ಆಮೇಲೆ ಸಾಮಾನಿನ ಹಂಚಿಕೆ. ಬೀರು, ಮಂಚ, ಫ್ರಿಜ್ ನಮ್ಮವೆಂದು ಹೇಳಿ, ಪುರಾವೆಗೆ ಮದುವೆಯ ಆಯೇರಿ ಬರೆದ ಪುಸ್ತಕ ಕೊಟ್ಟೆ. ಯಾರು ಏನು ಉಡುಗೊರೆ ಕೊಟ್ಟರೆಂದು ಅವತ್ತು ಮಂಟಪದಲ್ಲಿ ಕೂತು ಬರೆದವಳು ನಾನೇ. ಸೊಸೆಯ ವಕೀಲರು ಜೋರಾಗಿ ಓದಿದರು: "ಬೀಗರಿಂದ: ಬೀರು, ಮಂಚ, ಫ್ರಿಜ್ (ಸಣ್ಣದು)."

"ಅಮ್ಮಾರ, ಈ 'ಸಣ್ಣದು' ಬರದವರು ಯಾರ್ರಿ?"

"ನಾನೇ ರೀ."

"ನೀವೇ ತಂದಿದ್ರ ಸಣ್ಣದು ಅಂತ ಬರೀತಿದ್ರೇನ್ರಿ?"

ನಮ್ಮ ವಕೀಲರೂ ಕರವಸ್ತ್ರ ಅಡ್ಡ ಹಿಡಿದು ನಕ್ಕರು.

೩. ಚೀಟಿ ಇಟ್ಟ ಪುಟ

ಇಷ್ಟಾದರೂ ಬುದ್ಧಿ ಬರಲಿಲ್ಲ. ಸೊಸೆಯ ಸೋಮಾರಿತನ ತೋರಿಸಲು ನಾಲ್ಕು ವರ್ಷದ ಡೈರಿ ಒಯ್ದೆ, ಬೇಕಾದ ಪುಟಕ್ಕೆಲ್ಲ ಚೀಟಿ ಇಟ್ಟು.

"ಪೂರ್ತಿ ಓದಿ ನೋಡೀರೇನ್ರಿ?" ಅಂದರು ನಮ್ಮ ವಕೀಲರು.

"ಬರದಾಕಿ ನಾನೇ. ಓದೋದೇನದ?"

ಕೋರ್ಟಿನಲ್ಲಿ ಮೊದಲ ಚೀಟಿಯ ಪುಟ ನಾನೇ ಓದಿದೆ: "ಸೊಸೆ ಎಂಟಕ್ಕೆ ಎದ್ದಳು. ಚಹಾ ನಾನೇ ಮಾಡಿಕೊಂಡೆ."

ಸೊಸೆಯ ವಕೀಲರು, "ಹಿಂದಿನ ದಿನದ್ದೂ ಓದ್ರಿ," ಅಂದರು.

ಓದಲೇಬೇಕಾಯಿತು: "ಮೊಮ್ಮಗಳಿಗೆ ಜ್ವರ. ಬೆಳಗಿನ ತನಕ ಸೊಸೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಮಗ ಮಲಗಿದ. ನಾನೂ ಮಲಗಿದೆ."

ಎರಡನೇ ಚೀಟಿಯ ಹಿಂದಿನ ಪುಟದಲ್ಲಿ ಮಗುವಿಗೆ ವಾಂತಿ. ಮೂರನೆಯದರ ಹಿಂದೆ ಕಿವಿನೋವು. ಎಲ್ಲ ಕಡೆಯೂ ಕೂತವಳು ಸೊಸೆ, ಮಲಗಿದವರು ನಾವು. ಎದುರು ಬೆಂಚಿನಲ್ಲಿ ಸೊಸೆ ತಲೆ ಎತ್ತಲಿಲ್ಲ. ಜನ ನಕ್ಕಾಗಲೂ ಅವಳೊಬ್ಬಳು ನಗಲಿಲ್ಲ.

ನ್ಯಾಯಾಧೀಶರು ಡೈರಿ ತರಿಸಿ ನೋಡಿದರು. "ಅಕ್ಷರ ಭಾಳ ಚೆಂದ ಅದಾವಮ್ಮಾ. ನೀವು ಯಾರ ಕಡೆ ಸಾಕ್ಷಿ?"

ಕೊನೆಗೆ ಆದದ್ದು ಹೀಗೆ. ಬೀರು, ಮಂಚ, ಫ್ರಿಜ್ ಮಾನ್ವಿಗೆ ಹೋದವು. ಗಂಡಹೆಂಡತಿ ಇಬ್ಬರ ಹೆಸರಲ್ಲಿದ್ದ ದೇವದುರ್ಗದ ಸೈಟು ಮಾರಿ, ಬಂದದ್ದರಲ್ಲಿ ಅರ್ಧ ಸೊಸೆಗೆ ಕೊಟ್ಟೆವು. ಮೊಮ್ಮಗಳು ತಾಯಿಯ ಹತ್ತಿರ ಇದ್ದಾಳೆ. ತಿಂಗಳಿಗೆ ಎರಡು ಭಾನುವಾರ, ಹತ್ತರಿಂದ ಐದರವರೆಗೆ ತಂದೆ ಕರೆದೊಯ್ಯಬಹುದು. ಆದೇಶದಲ್ಲಿ ಅಜ್ಜಿ ಎಂಬ ಪದ ಎಲ್ಲಿಯೂ ಇಲ್ಲ.