ಸುಬೇದಾರನ ಕೋಟು, ಮಾಮಾನ ಬಿಲ್ಲಾ

ನಮ್ಮನಿಯಾಗ ಇಂಥಾವು ನಡೀತಾನೇ ಇರ್ತಾವ. ಒಳಗ ಮನುಷ್ಯಾ ಇಲ್ಲದ ಅಂಗಿಗ ಮಂದಿ ಸಲಾಮು ಹೊಡೀತಾರ, ಎದುರಿಗೇ ನಿಂತ ಮನುಷ್ಯಾ ಯಾರಿಗೂ ಕಾಣಂಗಿಲ್ಲ. ನಾ ಮಂದ್ಯಾಗ ಬಾಯಿ ಬಿಡಾಕಿ ಅಲ್ಲ, ಪುಸ್ತಕ ಹಿಡಕೊಂಡು ಮೂಲ್ಯಾಗ ಕೂಡಾಕಿ. ಇದನ್ನ ಹೇಳ್ಲಾಕತ್ತಿದ್ದು ಇದ ಮೊದಲು.

ನಮ್ಮಪ್ಪ ಬೀದರ ಕಡಿಂದ ನಾಸಿಕಕ್ಕ ಬಂದು ಟೇಲರ್ ಅಂಗಡಿ ಹಾಕ್ಯಾನ. ಇಲ್ಲಿ ದಂಡಿನ ಛಾವಣಿಯಾಗಿರೋ ಫೌಜಿನವರ ವರ್ದಿ ಹೊಲೀತಾನ. ಮುಂದ ಅಂಗಡಿ, ಹಿಂದ ಮನಿ. ಅಪ್ಪನ ಅವ್ವ, ನಮ್ಮಜ್ಜಿನೂ ನಮ್ಮ ಜೋಡಿನೇ ಇರ್ತಾಳ. ಯಾರರೆ "ಬಿಲ್ಲಾ ಆದ್ರೇನು, ನಕ್ಷತ್ರ ಆದ್ರೇನು, ಎರಡೂ ಹಿತ್ತಾಳಿನೇ ಅಲ್ಲೇನ್ರಿ?" ಅಂದ್ರ ಅಪ್ಪ ಕತ್ರಿ ಕೆಳಗಿಡ್ತಾನ. "ಎದಿ ಮ್ಯಾಲಿನ ಬಿಲ್ಲಾ ನೀ ಯಾರು ಅಂತ ಹೇಳ್ತದ. ಭುಜದ ಮ್ಯಾಲಿನ ನಕ್ಷತ್ರ ನಿನ್ನ ಮಾತು ಯಾರ್ ಕೇಳಬೇಕು ಅಂತ ಹೇಳ್ತದ. ಒಂದರ ಕೆಲಸ ಇನ್ನೊಂದರ ಕೈಲೆ ಆಗಂಗಿಲ್ಲ."

ಕೇಳಾಕ ಭಾಳ ಸಸಾರ.

ಕೋಟಿನ ಹುಕುಂ

ಒಬ್ಬ ಸುಬೇದಾರ ಉಣ್ಣಿ ಕೋಟು ಹೊಲಿಯಾಕ ಹಾಕಿ ಹೋದವ ತಿರುಗಿ ಬರಲಿಲ್ಲ. ಲಡಾಯಿ ಸುರು ಆಯ್ತು, ಮುಗೀತು, ಅವ ಬರಲಿಲ್ಲ. ಗಿರಾಕಿ ಬರೋತನಕ ಹೊಲಿದ ವರ್ದಿ ಬಿಚ್ಚಬಾರದು, ಬ್ಯಾರೆಯವರಿಗ ಕೊಡಬಾರದು, ಇದು ಅಪ್ಪನ ನೇಮ. ಹಂಗಾಗಿ ಕೋಟು ಅಂಗಡಿ ಬಾಗಿಲದಾಗ ರಸ್ತಾದ ಕಡಿ ಮಾರಿ ಮಾಡಿ ತೂಗ್ತಿತ್ತು. ಭುಜಕ್ಕ ಎರಡೆರಡು ನಕ್ಷತ್ರ. ಎದಿ ಮ್ಯಾಲ ಹೆಸರಿನ ಪಟ್ಟಿ ಇರೋ ಜಾಗಾ ಖಾಲಿ. ಗಾಳಿ ಇಲ್ಲದಾಗೂ ಅದರ ಬಲಗಡಿ ತೋಳು ಸಣ್ಣಗ ಅಳ್ಳಾಡ್ತಿತ್ತು. ಅಪ್ಪನೂ ಅದನ್ನ ಮುಟ್ತಿರಲಿಲ್ಲ, ಮೈ ಸಣ್ಣ ಮಾಡ್ಕೊಂಡು ಬಾಜೂಕಿಂದ ದಾಟ್ತಿದ್ದ.

ಒಂದಿನ ಮುಂಜಾನಿ ಗೋದಾವರಿ ಕಡಿಂದ ಮಂಜು ಬಂದು ರಸ್ತಾನೇ ನುಂಗಿತ್ತು. ಫೌಜಿಗ ಹೊಸದಾಗಿ ಭರ್ತಿ ಆದ ಸಿಪಾಯಿ ಒಬ್ಬ ಪ್ಯಾಂಟ್ ಒಯ್ಯಾಕ ಬಂದ. ಮಂಜಿನಾಗ ಕೋಟು ಕಂಡಿದ್ದೇ ಹಿಮ್ಮಡ ಬಡದು ನಿಂತ.

"ರಾಮ್ ರಾಮ್ ಸಾಬ್! ಪ್ಯಾಂಟ್ ಒಯ್ಯಾಕ ಬಂದೀನ್ರಿ."

ಕೋಟು ಗಪ್ಪ.

"ಆಮ್ಯಾಲ ಬರ್ಲೇನ್ರಿ ಸಾಬ್?"

ತೋಳು ಅಳ್ಳಾಡ್ತು. ಅವ ಗರ್ಕನ ತಿರುಗಿ ಮಂಜಿನಾಗ ಕರಗಿ ಹೋದ. ಒಳಗ ಕೂತಿದ್ದ ನಾ ಪುಸ್ತಕ ಮುಚ್ಚಿ ಹಿಂದಿನ ಖೋಲಿಗ ಓಡಿದೆ.

ಆ ಪ್ಯಾಂಟು ಇನ್ನೂ ನಮ್ಮಲ್ಲೇ ಅದ. ಅಪ್ಪ ಅಂತಾನ, "ಮ್ಯಾಲಿನವರ ಹುಕುಂ ಇಲ್ಲದ ಅವ ಹ್ಯಾಂಗ ಬಂದಾನು?"

ಕಾಣದ ಮಾಮಾ

ನಮ್ಮತ್ತಿ ಗಂಡ, ಅಂದ್ರ ಮಾಮಾ, ಔರಂಗಾಬಾದದಾಗ ಒಂದು ಕಚೇರಿಯಾಗ ಚಪರಾಸಿ. ಎದಿಗ ಅಡ್ಡ ಪಟ್ಟಾ, ಅದರ ಮ್ಯಾಲ 'ಚಪರಾಸಿ' ಅಂತ ಅಕ್ಷರ ಕೆತ್ತಿದ ಹಿತ್ತಾಳಿ ಬಿಲ್ಲಾ. ಊರಿಗ ಹೋದ್ರೂ ಅದನ್ನ ಬಿಡಂಗಿಲ್ಲ. ಸಂಕ್ರಮಣಕ್ಕ ನಮ್ಮನಿಗ ಬಂದು, ನದ್ಯಾಗ ಸ್ನಾನ ಮಾಡಿ ಹೊಂಟ. ನಾನೂ ಅತ್ತಿನ್ನ ನೋಡಾಕ ಅವನ ಜೋಡಿ ಹೋದೆ. ಮನಮಾಡ ಟೇಶನ್ದಾಗ ಗಾಡಿ ಬದಲಿ ಮಾಡೋವಾಗ ನೋಡಿದ್ರ ಪಟ್ಟಾ ಅದ, ಬಿಲ್ಲಾ ಇಲ್ಲ!

ಮರುದಿನ ಮಾಮಾಗ ಕಚೇರಿಗ ಬುತ್ತಿ ಒಯ್ದೆ. ನಿಜಾಮರ ಕಾಲದ ಕಟ್ಟಡ. ಉದ್ದನ್ನ ವರಾಂಡಾ, ಕಪ್ಪು ಹಿಡಿದ ಕಮಾನು, ಮಟಮಟ ಮಧ್ಯಾಹ್ನದಾಗೂ ಥಂಡಿ. ಮಾಮಾ ಬಾಗಿಲಕ್ಕೇ ನಿಂತಿದ್ದ. ಕಚೇರಿ ಹಿರೇ ಗುಮಾಸ್ತ ಬಡೇ ಬಾಬು ಹೊರಗ ಬಂದು ಅವನ ಮೈಯಾಚೆ ಇರೋ ಗ್ವಾಡಿ ನೋಡಿದಂಗ ನೋಡಿದ.

"ಚಪರಾಸಿ ಎಲ್ಲಿ?"

"ನಾನ ಅಲ್ರಿ ಸಾಹೇಬ್ರ."

"ನೀ ಯಾರಪಾ?"

"ದಿನಾ ನಿಮಗ ನೀರು ಕೊಡಾಂವ ರೀ!"

"ನನಗ ನೀರು ಕೊಡಾಂವನ ಎದಿ ಮ್ಯಾಲ ಬಿಲ್ಲಾ ಇರ್ತದ. ಸೋಮವಾರ ಅವ ಬಿಲ್ಲಾ ಹಾಕ್ಕೊಂಡು ಬರಲಿಲ್ಲಂದ್ರ ಬ್ಯಾರೆಯವನ್ನ ಇಟ್ಕೋತೀನಿ. ನೀ ಏನ್ ಹಂಗ ನಿಂತಿ? ಹೋಗು, ಅವನ್ನ ಹುಡುಕು."

ಮಾಮಾ ಖರೇನೇ ಹೋದ. ಎಲ್ಲಾ ಖೋಲಿ ಹೊಕ್ಕ, ಜೀನಾದ ಪಾವಟಿಗಿ ಕೆಳಗ ಬಗ್ಗಿ ನೋಡಿದ. ಕಲ್ಲಿನ ನೆಲದ ಮ್ಯಾಲ ಅವನ ಹೆಜ್ಜಿ ಸಪ್ಪಳ ಸೈತ ನನಗ ಕೇಳಿಸಲಿಲ್ಲ. ಬೆವರು ಒರೆಸ್ಕೋತ ಬಂದು ಅಂದ, "ಎಲ್ಲೂ ಸಿಗಲಿಲ್ರಿ ಸಾಹೇಬ್ರ."

ಎರಡು ಕೋಟು

ಆ ರಾತ್ರಿ ಅತ್ತಿ ಉಣಲಿಲ್ಲ. ನೌಕರಿ ಹೋದ್ರ ಮೂರು ಮಕ್ಕಳನ್ನ ಕಟ್ಕೊಂಡು ಎಲ್ಲಿಗ ಹೋಗಬೇಕು? ಬಿಲ್ಲಾ ಹುಡುಕಾಕ ಮಾಮಾ ಮತ್ತ ನಾನು ತಿರುಗಿ ನಾಸಿಕಕ್ಕ ಬಂದ್ವಿ. "ಅಜ್ಜಿ ಮುಂದ ಹೇಳಬ್ಯಾಡವ್ವಾ, ಅಳಿಯನ ಮರ್ಯಾದಿ ಹೋಗ್ತದ" ಅಂದ ಮಾಮಾ.

ಕೋಟಿನ ತೋಳು ಈಗ ಅಳ್ಳಾಡ್ತಿರಲಿಲ್ಲ. ಅದನ್ನ ನೋಡಿ ನನಗ ಇನ್ನೂ ಹೆಚ್ಚು ಅಂಜಿಕಿ ಬಂತು.

ಶನಿವಾರ ದೀಪ ಹಚ್ಚೋ ಹೊತ್ತು. ಅಜ್ಜಿ ಹನುಮಪ್ಪನ ಗುಡಿಗ ಹೋಗಿದ್ದಳು. ಅಪ್ಪ, ಮಾಮಾ ನದಿ ಘಾಟಿಗ ಹುಡುಕಾಕ ಹೋಗಿದ್ರು. ಅಂಗಡಿ ಕನ್ನಡ್ಯಾಗ ನೋಡ್ತೀನಿ, ಕೋಟಿನ ಬಾಜೂಕ ಇನ್ನೊಂದು ಕೋಟು ತೂಗಿದಂಗ ಒಂದು ಕರೀ ಆಕಾರ ನಿಂತದ. ಕಣ್ಣು ಒಳಗ ಹೋಗ್ಯಾವ, ಗಲ್ಲದಾಗ ಕುಣಿ.

"ಈ ಕೋಟು ನಂದು" ಅಂತು.

ಅದು ಕೋಟು ತಗೊಂಡು ತೊಟ್ಕೊಂಡ್ತು. ಯಾರದೋ ಅಳತಿದು ಅನ್ನೋಹಂಗ ಕೋಟು ಅದರ ಮೈಮ್ಯಾಲ ಜೋತಾಡ್ತು. ಆ ಆಕಾರ ಕತ್ತಲಾಗ ಹೊಂಟು ಹೋಯ್ತು.

ಅಜ್ಜಿ ಬಂದು ಖಾಲಿ ಸರಳು ನೋಡಿ ಎದಿ ಬಡಕೊಂಡಳು. "ಅಯ್ಯೋ, ಅದರ ಬೆನ್ನಿಗ ಅಳಿಯನ ಬಿಲ್ಲಾ ಚುಚ್ಚಿದ್ದೆನಲ್ಲೇ!"

"ಯಾಕ ಅಜ್ಜಿ?"

"ಹೆಸರಿಲ್ಲದ ಭೂತ ಅಲೀತದವ್ವಾ. ಹೆಸರು ಕೊಟ್ರ ಒಂದು ಕಡಿ ಕೂಡ್ತದ. ಸಂಕ್ರಮಣಕ್ಕ ಅಳಿಯ ಬಂದು ಮಲಗಿದಾಗ ಅಕ್ಷರ ಇದ್ದಿದ್ದು ಅದೊಂದೇ ಕೈಗ ಸಿಕ್ತು. ಏನ್ ಬರದಿತ್ತೋ, ನನಗೇನ್ ಓದಾಕ ಬರ್ತದೇನು?"

ನಾ ಸಣ್ಣ ದನೀಲೆ ಅಂದೆ, "ಅಜ್ಜಿ, ಸುಬೇದಾರನ ಭೂತಾನ್ನ ನೀ ಚಪರಾಸಿ ಮಾಡಿ ಕೂಡಿಸಿದ್ದಿ."

ಬಿಲ್ಲಾ ಬಂತು

ಭೂತ ಆಯ್ತವಾರ ಮುಂಜಾನಿ ಸಿಟ್ಟಿಗೆದ್ದು ಬಂತು, ಬಿಲ್ಲಾ ಮುಷ್ಟ್ಯಾಗ ಹಿಡಕೊಂಡು.

"ಏನ್ರಿ ಮಾಸ್ಟರ್ ಇದು? ಮುಂದ ಬಂದವರು ಸಲಾಮು ಹೊಡೀತಾರ, ಹಿಂದಿಂದ ಬಂದವರು ನೀರು ತಾ ಅಂತಾರ! ಕರ್ನಲ್ ಸಾಬ್ರು ಹಿಂದಿಂದನೇ ಕೂಗಿದ್ರು, 'ಏ ಚಪರಾಸಿ, ಚಾ ತಗೊಂಡು ಬಾ!'"

"ನೀವೇನ್ ಮಾಡಿದ್ರಿ?" ಅಪ್ಪ ಕೇಳಿದ.

"ಕರ್ನಲ್ ಹುಕುಂ ಅಲ್ರಿ, ತಂದ್ಕೊಟ್ಟೆ!"

ಅಜ್ಜಿ ಅವನ ಮುಂದ ಬಂದು ನಿಂತಳು. ಭೂತದ ಪಾದ ಹಿಂದು ಮುಂದು ಇರ್ತಾವ ಅನ್ನೋದು ಆಕಿಗ ಗೊತ್ತು. "ಬೂಟು ಬಿಚ್ಚಪಾ."

ಎರಡು ನಕ್ಷತ್ರದ ಸುಬೇದಾರ ಗಪ್ಪಗ ಬೂಟು ಬಿಚ್ಚಿದ. ಪಾದ ಸೀದಾ ಇದ್ವು. ಗುಂಡು ತಾಗಿ ಇಷ್ಟು ದಿನ ದವಾಖಾನ್ಯಾಗ ಇದ್ದನಂತ. ಅಜ್ಜಿ ಕಣ್ಣು ಒರೆಸ್ಕೊಂಡು ಅವನಿಗ ಜ್ವಾಳದ ರೊಟ್ಟಿ ಕೊಟ್ಟಳು.

ಸೋಮವಾರ ಮಾಮಾ ಬಿಲ್ಲಾ ತಿಕ್ಕಿ ತಿಕ್ಕಿ ಹೊಳಪು ಮಾಡಿ, ಹಾಕ್ಕೊಂಡು ಬಾಗಿಲದಾಗ ನಿಂತ. ಬಡೇ ಬಾಬು ಮಾರಿ ಅರಳ್ತಂತ.

"ಬಂದೀ? ಎಲ್ಲಿ ಹಾಳಾಗಿ ಹೋಗಿದ್ದೀಪಾ? ನಿನ್ನ ಹುಡುಕಾಕ ಒಬ್ಬನ್ನ ಕಳಿಸಿದ್ದೆ. ಪಾಪ, ಭಾಳ ಹುಡುಕಿದ. ಈಗ ಅವನೂ ಕಾಣವಲ್ಲ. ಹೋಗು, ಅವ ಎಲ್ಲಿದ್ದಾನ ನೋಡು."

ಮಾಮಾ ಎಲ್ಲಾ ಖೋಲಿ ಹೊಕ್ಕು ಬಂದು, ಸಿಗಲಿಲ್ರಿ ಅಂದನಂತ. ನೌಕರಿ ಉಳೀತು. ಆದ್ರ ಈಗೂ ವರಾಂಡಾದಾಗ ಯಾರೂ ಇಲ್ಲದಾಗ ಮಾಮಾ ಜೀನಾದ ಕೆಳಗ ಬಗ್ಗಿ ನೋಡ್ತಾನಂತ, ಆ ಬಿಲ್ಲಾ ಇಲ್ಲದಾಂವ ಇನ್ನೂ ಅಲ್ಲೇ ಇದ್ದರ ಅಂತ.