ಶಿವಕಾಂತ ಮಾಸ್ತರರ ಅಂಗಿಯ ಗುಲಾಬಿ ಕಲೆ

ತುದಿ ಕಟ್ಟಿಕೊಂಡಿದ್ದ ಡ್ರಾಪರನ್ನು ಬೆಳಕಿಗೆ ಹಿಡಿದು ಒತ್ತಿದ್ದೇ ತಪ್ಪಾಯಿತು. ಬಳಗಾನೂರಿನ ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ ಮಾಡುತ್ತಿದ್ದ ಶಿವಕಾಂತ ಮಾಸ್ತರರ ಬಿಳಿ ಅಂಗಿಯ ಹೆಗಲಿಗೆ ಫಿನಾಫ್ತಲೀನ್ ಚಿಮ್ಮಿತು. ನೀರಿನಂಥ ದ್ರಾವಣ, ಗುರುತೂ ಉಳಿಯದೆ ಆರಿಹೋಯಿತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಸಿಂಧನೂರಿನ ಮನೆಗೆ ಬಂದವರೇ ಅಂಗಿಯನ್ನು ಒಗೆಯಲು ಹಾಕಿ ಊಟಕ್ಕೆ ಕೂತರು.

ಹಿತ್ತಲಲ್ಲಿ ಹೆಂಡತಿ ದಾನೇಶ್ವರಿ ಅದಕ್ಕೆ ಸಾಬೂನು ತಿಕ್ಕಿದಳು. ಬೆಳ್ಳಗಿದ್ದ ಹೆಗಲು ನೋಡನೋಡುತ್ತ ಗುಲಾಬಿಯಾಯಿತು. ಅದೂ ಸರಿಯಾಗಿ ತುಟಿಯಷ್ಟಗಲ!

"ಸುಭಾನಬೀ, ಲಗೂನ ಬಾ ಇಲ್ಲಿ!"

ಪಕ್ಕದ ಮನೆಯ ಸುಭಾನಬಿ ಓಡಿ ಬಂದಳು. ಎದುರುಮನೆಯ ಪಕೀರಮ್ಮ ಕರೆಯದೆಯೇ ಬಂದಳು.

"ಲಿಪ್‌ಸ್ಟಿಕ್ಕೇ ಇದು. ಶಕ್ ಬ್ಯಾಡ," ಎಂದಳು ಸುಭಾನಬಿ.

"ನೀರಾಗ ಅದ್ದಬ್ಯಾಡ ಮತ್ತ! ಸಾಕ್ಷಿ ಹೋಗ್ತೈತಿ," ಎಂದಳು ಪಕೀರಮ್ಮ.

ಸಾಬೂನು ಸೋರುವ ಅಂಗಿ ಊಟದ ತಾಟಿನ ಮುಂದೆಯೇ ಬಂದು ನಿಂತಿತು.

"ಏನ್ರಿ ಇದು?"

"ಅದು ಪ್ರಯೋಗ, ದಾನೀ..."

"ಯಾರ ಮ್ಯಾಲ ಮಾಡಾಕತ್ತೀರಿ? ನಾ ಮಸ್ಕಿಗೆ ಹೊಂಟೆ, ಅಪ್ಪನ ಮನಿಗೆ. ನೀವು ಪ್ರಯೋಗ ಮಾಡ್ಕೋತ ಇರ್ರಿ."

ಚೀಲಕ್ಕೆ ಸೀರೆ ಬೀಳತೊಡಗಿದವು. ಮಾಸ್ತರರು ತಾಟು ಬಿಟ್ಟು ಎದ್ದರು. ಜಗಳಗಂಟಿಯಾದರೂ ಆಕೆಯೆಂದರೆ ಅವರಿಗೆ ಪ್ರಾಣ.

"ಒಂದೇ ನಿಮಿಷ ನಿಲ್ಲು! ಇದು ಬರೇ ಕೆಮಿಸ್ಟ್ರಿ. ಅಂಗಿಗೆ ಬಿದ್ದ ಔಷಧಕ್ಕ ಬಣ್ಣ ಇಲ್ಲ. ಸಾಬೂನು ಪ್ರತ್ಯಾಮ್ಲ, ತಗಲಿದ ಕೂಡ್ಲೇ ಗುಲಾಬಿ ಆಗೈತಿ. ನಿಂಬಿರಸ ಆಮ್ಲ, ಹಿಂಡಿದ್ರ ಬಣ್ಣ ಹೋಗ್ತೈತಿ. ಯಾರರೆ ಒಂದು ನಿಂಬಿಹಣ್ಣು ತರ್ರಿ!"

ಸುಭಾನಬಿ ತಂದುಕೊಟ್ಟಳು. ಮಾಸ್ತರರು ರಸ ಹಿಂಡಿದರು. ಗುಲಾಬಿ ಬಣ್ಣ ಮಾಯವಾಗಿ ಹೆಗಲು ಮೊದಲಿನಂತೆ ಬೆಳ್ಳಗಾಯಿತು.

"ನೋಡಿದ್ರ್ಯಾ?" ಮಾಸ್ತರರು ಗೆದ್ದವರಂತೆ ಸುತ್ತ ನೋಡಿದರು. ತರಗತಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಇಲ್ಲಿ ಪಕೀರಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಯವ್ವಾ, ಗುರುತೇ ಇಲ್ಲದಂಗ ಅಳಿಸಿಬಿಟ್ರಲ್ಲ! ಕೈ ಎಷ್ಟು ಪಳಗೈತಿ ನೋಡು."

ದಾನೇಶ್ವರಿಯ ಕಣ್ಣು ತುಂಬಿ ಬಂದವು.

"ಮದುವ್ಯಾದಾಗಿಂದ ಈ ಮನಷ್ಯಾನ ಅಂಗಿ ಮ್ಯಾಲ ಒಂದು ಕಲಿ ಕಂಡಿದ್ದಿಲ್ಲ. ಭಾಳ ಶುದ್ಧ ಅದಾನ ಅಂತ ತಿಳಕೊಂಡಿದ್ನಲ್ಲಬೇ!"

ಚೀಲ ಹೆಗಲಿಗೇರಿಸಿ ಆಕೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಮಾಸ್ತರರು ಹಸಿ ಅಂಗಿ ಹಿಡಿದು ಹಿಂದೆಯೇ ಓಡಿದರು. ಉಳಿದ ಅರ್ಧ ನಿಂಬೆಹಣ್ಣನ್ನು ಕೈಗೆತ್ತಿಕೊಂಡ ಸುಭಾನಬಿ ಅಲ್ಲೇ ಗಕ್ಕನೆ ನಿಂತಳು.

"ಪಕೀರಮ್ಮಾ, ನಮ್ಮ ಮನ್ಯಾಗಿನವರ ಅಂಗೀನೂ ಯಾವಾಗ್ಲೂ ಬೆಳ್ಳಗ ಇರ್ತಾವ ಬೇ!"