ತಂದೆಯವರ ತಿಥಿಯ ಹೋಳಿಗೆ

ಚಿಂತೆಯ ಸ್ವಭಾವದವರು ಚಿಂತಿಸಿ ಸುಮ್ಮನಿದ್ದರೆ ಲೋಕಕ್ಕೇನೂ ತೊಂದರೆಯಿಲ್ಲ. ನಾವು ಸುಮ್ಮನಿರುವುದಿಲ್ಲ, ನೆಟ್ಟಗೆ ನಡೆದಿರುವ ಕೆಲಸದಲ್ಲಿ ಕೈಹಾಕುತ್ತೇವೆ. ಐವತ್ತರ ಹತ್ತಿರ ಬಂದರೂ ನನಗೆ ಈ ಚಾಳಿ ಬಿಟ್ಟಿಲ್ಲ. ರಾಣೆಬೆನ್ನೂರಿನ ಗಾಡಿ ಒಂಬತ್ತಕ್ಕೆಂದರೆ ಏಳಕ್ಕೇ ಸ್ಟೇಷನ್ನಿಗೆ ಹೋಗಿ, ಅದು ಹೊರಟುಹೋಯಿತೇ ಎಂದು ಮಾಸ್ತರರನ್ನು ಕೇಳುವವನು ನಾನು.

ತಂದೆಯವರ ಮೊದಲ ವರ್ಷದ ತಿಥಿ ಬಂತು. ಬದುಕಿದ್ದಾಗ ನಾನು ಮಾಡಿದ ಯಾವ ಕೆಲಸವೂ ಅವರಿಗೆ ಸೇರಲಿಲ್ಲ. ಅವರು ತೀರಿಕೊಂಡ ದಿನ ನನಗೆ ಅಳುವೂ ಬರಲಿಲ್ಲ. ಕಟ್ಟಿಗೆ ಸಾಲುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದೆ. ಬಂದವರೆಲ್ಲ ನನ್ನ ಒಣ ಕಣ್ಣನ್ನು ನೋಡಿಕೊಂಡು ಹೋದರು. ತಂದೆಯವರಿಗೆ ಹೋಳಿಗೆಯೆಂದರೆ ಪ್ರಾಣ. ತಿಥಿಯ ಹೋಳಿಗೆಯಾದರೂ ಅವರಿಗೆ ತೃಪ್ತಿ ಕೊಡಲಿ ಎಂಬುದೊಂದೇ ನನ್ನ ಆಸೆ. ಯುದ್ಧದ ದಿನಗಳು ಬೇರೆ. ಗೋಧಿಗೆ ಹಾವೇರಿಗೆ ಮೂರು ಸಲ ತಿರುಗಿದೆ; ಬೆಲ್ಲವನ್ನು ಮೇಡ್ಲೇರಿಯ ರೈತರೊಬ್ಬರು ಕೊಟ್ಟರು. ಎಲ್ಲ ಒಂದೇ ಸಲಕ್ಕಾಗುವಷ್ಟು; ಕೆಟ್ಟರೆ ಮತ್ತೆ ಮಾಡುವಂತಿಲ್ಲ.

ತಿಥಿಯ ಅಡಿಗೆಯಲ್ಲಿ ಮೆಣಸಿನಕಾಯಿ ಸುಳಿಯಬಾರದು, ಕರಿಮೆಣಸೇ ಆಗಬೇಕು. ಬ್ಯಾಡಗಿಯಂಥ ಊರಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಇಲ್ಲಿ ಗಾಳಿಗೂ ಮೆಣಸಿನಕಾಯಿಯ ಘಾಟು. ನಾನೋ ಮೆಣಸಿನಕಾಯಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅದಕ್ಕೇ ನಮ್ಮ ಮನೆಯಲ್ಲಿ ಮಡಿಗೆಂದು ಬೇರೆ ಒರಳಿದೆ; ಹೋಳಿಗೆಯ ಹೂರಣ ರುಬ್ಬುವುದೂ ಅದರಲ್ಲೇ. ಹಿಂದಿನ ದಿನ ಸಂಜೆ ಅಂಗಡಿಯಿಂದ ಬಂದವನು ಅದರೊಳಗೆ ಇಣುಕಿದೆ.

“ಒರಳು ತೊಳದೀಯೇನು?”

“ಎರಡು ಸಲ ತೊಳದೇನ್ರಿ,” ಎಂದಳು ಹೆಂಡತಿ.

“ತಳದಾಗ ಕೆಂಪ ಕಂಡಂಗಾತು.”

“ಅದು ಕಲ್ಲಿನ ಬಣ್ಣರಿ. ನೀವು ಸುಮ್ನ ಒಳಗ ಹೋಗಿ ಕೂಡ್ರಿ.”

ಕೂಡಲಿಲ್ಲ. ಅವಳು ನೀರಿಗೆ ಹೋದ ಹೊತ್ತು ನೋಡಿ ಒರಳನ್ನು ಮತ್ತೆ ತೊಳೆದೆ. ಹೆಗಲ ಮೇಲಿನ ವಸ್ತ್ರದಿಂದ ಅದರ ಸಂದುಗೊಂದನ್ನೆಲ್ಲ ತಿಕ್ಕಿ ಒರೆಸಿ, ಬುಟ್ಟಿ ಮುಚ್ಚಿ, ವರ್ಷದಲ್ಲಿ ಮೊದಲ ಸಲ ನೆಮ್ಮದಿಯಿಂದ ಮಲಗಿದೆ.

ಮರುದಿನ ಇಬ್ಬರು ಬ್ರಾಹ್ಮಣರು ಎಲೆಯ ಮುಂದೆ ಕೂತರು. ಅವರು ಉಣ್ಣುವ ಮುಂಚೆ ಮನೆಯವರು ಯಾರೂ ರುಚಿ ನೋಡುವಂತಿಲ್ಲ. ಅವರು ಉಣ್ಣುವಾಗ ಮಾತಾಡುವಂತಿಲ್ಲ. ಹೋಳಿಗೆಯ ಎರಡನೆಯ ತುತ್ತಿಗೆ ಹಿರಿಯರ ಕಣ್ಣಲ್ಲಿ ನೀರು ತುಂಬಿತು. ನೋಡುನೋಡುತ್ತ ಇನ್ನೊಬ್ಬರ ಮೂಗೂ ಸೋರತೊಡಗಿತು. ತಂದೆಯವರ ಮೇಲೆ ಇವರಿಗೆ ಎಷ್ಟು ಪ್ರೀತಿ ಎಂದುಕೊಂಡೆ. ಹಿರಿಯರು ಎಲೆಗೆ ಎರಡೂ ಕೈ ಅಡ್ಡ ಹಿಡಿದರು. ಸಂಕೋಚವೆಂದು ತಿಳಿದು ಇನ್ನೊಂದು ಹಾಕಿಸಿದೆ. ಪದ್ಧತಿಯಂತೆ ಕೊನೆಗೆ, “ತೃಪ್ತಿಯಾಯಿತೇ?” ಎಂದು ಕೇಳಿದೆ. ಅವರೂ ಪದ್ಧತಿಯಂತೆ, ಆದರೆ ಬಾವಿಯೊಳಗಿನ ದನಿಯಲ್ಲಿ, “ತೃಪ್ತಿಯಾಯಿತು” ಎಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಮುಗಿಸಿದರು.

ಆಮೇಲೆ ನಾನು ಉಣ್ಣಲು ಕೂತೆ. ಒಂದು ತುತ್ತಿಗೇ ಗೊತ್ತಾಯಿತು. ಹೆಗಲ ಮೇಲಿನ ಆ ವಸ್ತ್ರ, ಅಂಗಡಿಯಲ್ಲಿ ದಿನವಿಡೀ ಮೆಣಸಿನಕಾಯಿ ರಾಶಿಯ ಮುಂದೆ ನಾನು ಮೂಗಿಗೆ ಕಟ್ಟಿಕೊಳ್ಳುವ ವಸ್ತ್ರ! ಕಣ್ಣೀರು ಧಾರೆಧಾರೆಯಾಗಿ ಎಲೆಗೆ ಇಳಿಯಿತು.

“ಅತ್ತುಬಿಡ್ರಿ,” ಎಂದಳು ಹೆಂಡತಿ ಮೆತ್ತಗೆ. “ವರ್ಷದಿಂದ ಒಳಗ ಹಿಡಕೊಂಡಿದ್ರಿ.” ಬಾಗಿಲಲ್ಲಿದ್ದ ನೆರೆಮನೆಯಾಕೆಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಲೆಯಾಡಿಸಿದೆ. ತಂದೆಯವರಿಗೆ ನನ್ನ ಕೈಯಿಂದ ಇದೂ ಕೆಟ್ಟೇ ಮುಟ್ಟಿತಲ್ಲ ಎಂದು ನಡುನಡುವೆ ಖರೇನೇ ಅತ್ತೆನೋ ಏನೋ, ಆ ಖಾರದಲ್ಲಿ ಬೇರೆಮಾಡಿ ಹೇಳಲಾರೆ.

ಕಡೆಗೆ ಹೆಂಡತಿ ಉಂಡಳು. ಕೆಂಪು ಕಣ್ಣಿನಿಂದ ಹೊರಗೆ ಬಂದು, ಗೂಟದ ಮೇಲಿನ ವಸ್ತ್ರವನ್ನು ಮೂಸಿ, ಸೀನಿ, ಒಗೆಯುವ ಕಲ್ಲಿನತ್ತ ಎಸೆದಳು.

ಮುಂದಿನ ವರ್ಷ ಒರಳಿನ ಹತ್ತಿರ ನನ್ನನ್ನು ಸುಳಿಯಗೊಡಲಿಲ್ಲ. ಹೋಳಿಗೆ ತಂದೆಯವರು ಒಪ್ಪುವಷ್ಟು ಸಿಹಿಯಾಗಿತ್ತು. ಮೂರು ತಿಂದೆ. ಕಣ್ಣು ಮಾತ್ರ ಒಣಗಿಯೇ ಇತ್ತು. ನೆರೆಮನೆಯಾಕೆ ಬಾಗಿಲಲ್ಲಿ ಕಾಯುತ್ತಲೇ ನಿಂತಿದ್ದಳು. ಹೆಂಡತಿ ತುಪ್ಪ ಬಡಿಸುತ್ತ, ಆಕೆಗೂ ಕೇಳುವಂತೆ, “ಯಾಕ್ರಿ, ಈ ವರ್ಷ ಮಾವನವರ ನೆನಪು ಬರವಲ್ಲದೇನು?” ಎಂದಳು.

ನಾನು ಗೂಟದ ಕಡೆ ನೋಡಿದೆ. ವಸ್ತ್ರವನ್ನು ಹಾಲಿನ ಹಾಗೆ ಬೆಳ್ಳಗೆ ಒಗೆದು ತೂಗುಹಾಕಿದ್ದಳು. ಅದರಿಂದ ಇನ್ನು ಏನೂ ಉಪಯೋಗವಿರಲಿಲ್ಲ.